ಸರೆಗಮ ಕಾರವಾನ್: ಕೊಡಗಿನ ಮಳೆಗಾಲಕ್ಕೊಂದು ಹಾಡಿನ ಪೆಟ್ಟಿಗೆ

2017ರಲ್ಲಿ ಸಂಗೀತ ಕಂಪನಿ ಸರೆಗಮ ತಂದ ಕಾರವಾನ್ ಹಳೇ ರೇಡಿಯೋದಂತೆ ಕಾಣುವ ಪ್ಲೇಯರ್. ಹಿಂದಿ ಮಾದರಿಯೊಳಗೆ 5000 ಹಾಡುಗಳಿವೆ, ಇಂಟರ್ನೆಟ್ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಕೈಕೊಡುವ ಮಡಿಕೇರಿ, ಭಾಗಮಂಡಲದ ಕಡೆಗೆ ಇದೇ ದೊಡ್ಡ ಲಾಭ. ಪೂರ್ತಿ ಚಾರ್ಜ್ ಆದರೆ ಸುಮಾರು 5 ಗಂಟೆ ಓಡುತ್ತದೆ; ವಾಲ್ಯೂಮ್ ಏರಿಸಿದಷ್ಟೂ ಬೇಗ ಇಳಿಯುತ್ತದೆ. ಗುಡುಗು ಶುರುವಾಗುವ ಮುಂಚೆಯೇ ಚಾರ್ಜ್ ಮಾಡಿ ವೈರ್ ಕಿತ್ತಿಡಿ.

ಗುಂಡಿ ತಿರುಗಿಸಿದರೆ ಗಾಯಕರು, ಭಾವ, ಅಮೀನ್ ಸಯಾನಿಯವರ ರೇಡಿಯೋ ಕಾರ್ಯಕ್ರಮ ಗೀತ್‌ಮಾಲಾ ಹೀಗೆ ವಿಭಾಗಗಳು. ಬೇಕಾದ ಒಂದೇ ಹಾಡನ್ನು ಹೆಸರು ಹಿಡಿದು ಹುಡುಕಲು ಗುಂಡಿಯಿಂದ ಆಗದು, ಮುಂದೆ ಒತ್ತುತ್ತಾ ಕಾಯಬೇಕು. ಇದು ಕಿರಿಕಿರಿಯೇ. ಆದರೂ ಸೋನೆ ಮಳೆಯಲ್ಲಿ ಕಾಫಿ ಲೋಟ ಹಿಡಿದು ಕೂತಾಗ ತಾನಾಗಿ ಎದುರಾಗುವ ಹಾಡಿನ ಸುಖ ಬೇರೆ. ಮುಕೇಶ್‌ಗೆ ತಿರುಗಿಸಿ: ‘ಅನಾಡಿ’ ಚಿತ್ರಕ್ಕೆ (1959) ಶೈಲೇಂದ್ರ ಬರೆದ ಹಾಡು, ಬದುಕುವುದೆಂದರೆ ಇನ್ನೊಬ್ಬರ ನೋವು ಹೊರುವುದು ಎನ್ನುತ್ತದೆ. ರಫಿಗೆ ತಿರುಗಿಸಿದರೆ ‘ಹಮ್ ದೋನೋ’ ಚಿತ್ರದ (1961) ಗೀತೆ ಬರೆದ ಸಾಹಿರ್, ಸಿಕ್ಕಿದ್ದನ್ನೇ ಹಣೆಬರಹವೆಂದುಕೊಂಡು ಚಿಂತೆಯನ್ನು ಹೊಗೆಯಾಗಿ ಊದಿಬಿಡುತ್ತಾನೆ. ಹೊಗೆ ಬೇಡ, ಮಾತು ಹಿಡಿದುಕೊಳ್ಳಿ!

ಥಂಡಿ ಗೋಡೆಗೆ ಒರಗಿಸಬೇಡಿ, ಸ್ಪೀಕರ್ ಜಾಲರಿಗೆ ಬೂಷ್ಟು ಹಿಡಿಯುತ್ತದೆ. ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿ. ಇದರಲ್ಲೇ ಇರುವ ಎಫ್‌ಎಂ ರೇಡಿಯೋ ಗರಗರ ಎಂದರೆ ಕಿಟಕಿ ಬಳಿ ಇಡಿ. ಗುಡ್ಡದ ಮರೆಯ ಮನೆಗಳಲ್ಲಿ ಎಫ್‌ಎಂ ಅನ್ನು ನೆಚ್ಚಿಕೊಳ್ಳುವುದು ಬೇಡ.