ಸೋಮಾರಿ ಎಂಬ ಹಣೆಪಟ್ಟಿ: ಅಲತಾಸ್ ಪುಸ್ತಕ ಕೊಳ್ಳುವ ಮುನ್ನ

ಮಲೇಷ್ಯಾದ ಬಹುಸಂಖ್ಯಾತರಾದ ಮಲಯರು ಮೈಗಳ್ಳರು, ವ್ಯಾಪಾರ ಅವರಿಗೆ ಒಗ್ಗದು, ತಮ್ಮವನೇ ಒಬ್ಬ ಮೇಲೆ ಬಂದರೆ ಹೊಟ್ಟೆಕಿಚ್ಚು ಪಡುತ್ತಾರೆ. ಮಲೇಷ್ಯಾದಲ್ಲಿ ಈ ಮಾತುಗಳನ್ನು ಹೊರಗಿನವರಷ್ಟೇ ಸಲೀಸಾಗಿ ಮಲಯರೂ ಆಡಿಕೊಳ್ಳುತ್ತಾರೆ. ಇವು ಎಲ್ಲಿ ಹುಟ್ಟಿದವು, ಯಾರ ಲಾಭಕ್ಕೆ ಬೆಳೆದವು ಎಂದು ಜಾಲಾಡುವ ಪುಸ್ತಕ ಮಲೇಷ್ಯಾದ ಸಮಾಜಶಾಸ್ತ್ರಜ್ಞ ಸೈಯದ್ ಹುಸೇನ್ ಅಲತಾಸ್ ಅವರ ‘ದಿ ಮಿತ್ ಆಫ್ ದಿ ಲೇಜಿ ನೇಟಿವ್’ (ಸೋಮಾರಿ ಸ್ಥಳೀಯನೆಂಬ ಮಿಥ್ಯೆ). ಮಲಯರ ಜೊತೆಗೆ ಜಾವಾ, ಫಿಲಿಪೀನ್ಸಿನ ಜನರ ಮೇಲಿದ್ದ ಇದೇ ಹಣೆಪಟ್ಟಿಯನ್ನೂ ಅದು ನೋಡುತ್ತದೆ. 1977ರಲ್ಲಿ ಲಂಡನ್ನಿನ ಫ್ರಾಂಕ್ ಕಾಸ್ ಪ್ರಕಟಿಸಿದ್ದು, ಹತ್ತಿರ ಹತ್ತಿರ 270 ಪುಟ. ಕೊಳ್ಳಬಹುದೇ ಅಂದರೆ ಕೊಳ್ಳಬಹುದು. ಆದರೆ ಮೊದಲ ಪುಟದಿಂದ ಓದಲು ಕೂರಬೇಡಿ.

ಪೀಠಿಕೆಯಲ್ಲಿ ಐಡಿಯಾಲಜಿ ಎಂದರೇನು ಎಂಬ ಚರ್ಚೆಯೇ ತುಂಬಿದೆ. ಸಮಾಜಶಾಸ್ತ್ರ ಓದಿದವರಿಗೆ ಅದು ಸರಿ, ಉಳಿದವರು ಅಲ್ಲಿಗೇ ಪುಸ್ತಕ ಮುಚ್ಚಿಡುತ್ತಾರೆ. ಅದನ್ನು ಹಾರಿಸಿ, ಬ್ರಿಟಿಷರು ಮಲಯರನ್ನು ಹೇಗೆ ಬಣ್ಣಿಸಿದರು ಎಂಬ ಅಧ್ಯಾಯಕ್ಕೆ ಬನ್ನಿ. 1896ರಲ್ಲಿ ಬ್ರಿಟಿಷರ ಹಿಡಿತದಲ್ಲಿದ್ದ ಮಲಯ ಸಂಯುಕ್ತ ಸಂಸ್ಥಾನಗಳ ಮೊದಲ ರೆಸಿಡೆಂಟ್ ಜನರಲ್ (ಅಲ್ಲಿನ ಮುಖ್ಯ ಬ್ರಿಟಿಷ್ ಅಧಿಕಾರಿ) ಆದ ಫ್ರಾಂಕ್ ಸ್ವೆಟೆನ್‌ಹ್ಯಾಮ್‌ನಂಥ ಅಧಿಕಾರಿಗಳೇ ಇಲ್ಲಿ ಸಾಕ್ಷಿಗಳು. ಮಲಯನಿಗೆ ಕೆಲಸ ಅಂದರೆ ಆಗದು ಎಂದು ಬರೆದದ್ದು ಸ್ವೆಟೆನ್‌ಹ್ಯಾಮ್. ಯಾವ ಕೆಲಸ ಎಂದು ಕೇಳುವುದು ಅಲತಾಸ್.

ಪುಸ್ತಕದ ತೂಕವೆಲ್ಲ ಈ ಪ್ರಶ್ನೆಯಲ್ಲಿದೆ. ಗದ್ದೆ ನಾಟಿ ಮಾಡುವವನು, ಬಲೆ ಬೀಸುವವನು, ತನ್ನ ತುಂಡು ನೆಲದಲ್ಲಿ ರಬ್ಬರ್ ಗಿಡ ನೆಟ್ಟವನು, ಇವರ್ಯಾರ ದುಡಿಮೆಯೂ ಲೆಕ್ಕಕ್ಕೆ ಬರಲಿಲ್ಲ. ಎಸ್ಟೇಟಿನ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನು ಸೋಮಾರಿ, ಅಷ್ಟೇ. ತವರ ಗಣಿಗೆ ಬಂದ ಚೀನೀ ಕೂಲಿ ಹಡಗು ಪ್ರಯಾಣದ ಸಾಲ ಹೊತ್ತು ಬಂದಿದ್ದ. ಅವನ ಕೈಗೆ ಸಿಗುತ್ತಿದ್ದ ಅಫೀಮಿನಿಂದ ಸರ್ಕಾರದ ಖಜಾನೆ ತುಂಬುತ್ತಿತ್ತು. ರಬ್ಬರ್ ತೋಟಗಳಿಗೆ ತಮಿಳು ಕೂಲಿಗಳನ್ನು ಮೊದಲು ಕರಾರಿನ ಮೇಲೆ, ಆಮೇಲೆ ಕಂಗಾಣಿಗಳ, ಅಂದರೆ ಊರಿಂದ ಆಳು ಕರೆತರುವ ಮೇಸ್ತ್ರಿಗಳ, ಮೂಲಕ ತರಿಸಿದರು. ಬಿಟ್ಟು ಹೋಗಲಾರದವನಿಗೆ ಶ್ರಮಜೀವಿ ಎಂಬ ಬಿರುದು ಸಿಕ್ಕಿತು. ಸ್ವಂತ ಗದ್ದೆಯಿದ್ದ ಮಲಯ ಅಂಥ ಕೂಲಿಗೆ ಹೋಗಲು ಒಲ್ಲೆ ಎಂದ. ವ್ಯಾಪಾರ ಬರುವುದಿಲ್ಲ ಎಂಬ ದೂರಿಗೂ ಉತ್ತರವಿದೆ: 1511ರಲ್ಲಿ ಪೋರ್ಚುಗೀಸರ ಕೈಸೇರುವವರೆಗೆ ಮಲಾಕ್ಕಾ ದೊಡ್ಡ ವ್ಯಾಪಾರದ ಬಂದರು. ಆಮೇಲೆ ಬಂದ ಏಕಸ್ವಾಮ್ಯಗಳು ಸ್ಥಳೀಯ ವರ್ತಕ ವರ್ಗವನ್ನೇ ತಿಂದುಹಾಕಿದವು ಎನ್ನುತ್ತಾರೆ ಲೇಖಕರು.

ಆದರೆ ದುಡ್ಡು ಕೊಟ್ಟದ್ದು ಸಾರ್ಥಕ ಅನಿಸುವುದು ‘ರೆವಲೂಸಿ ಮೆಂಟಲ್’ (ಮನಸ್ಸಿನ ಕ್ರಾಂತಿ) ಬಗೆಗಿನ ಭಾಗಕ್ಕೆ ಬಂದಾಗ. ಅದು 1971ರಲ್ಲಿ, ಆಗ ದೇಶ ಆಳುತ್ತಿದ್ದ ಮಲಯರ ಪಕ್ಷ ಉಮ್ನೋ ಹೊರತಂದ ಸಂಕಲನ, ಸಂಪಾದಕರು ಸೆನು ಅಬ್ದುಲ್ ರಹಮಾನ್. 1969ರ ಮೇ 13ರ ಮಲಯ-ಚೀನೀ ಗಲಭೆಯ ಗಾಯ ಇನ್ನೂ ಹಸಿಯಾಗಿತ್ತು, ಮಲಯರನ್ನು ಆರ್ಥಿಕವಾಗಿ ಮೇಲೆತ್ತುವ ಹೊಸ ಆರ್ಥಿಕ ನೀತಿ ಆಗಷ್ಟೇ ಶುರುವಾಗಿತ್ತು. ಮಲಯರಲ್ಲಿ ಛಲವಿಲ್ಲ, ಮುನ್ನುಗ್ಗುವ ಗುಣವಿಲ್ಲ ಎಂದು ಮಲಯ ನಾಯಕರೇ ಅದರಲ್ಲಿ ಪಟ್ಟಿ ಮಾಡಿದರು. ಸಾಹೇಬರ ಹಳೇ ಚಾಡಿಯನ್ನೇ ಇವರು ಆತ್ಮವಿಮರ್ಶೆ ಎಂದು ಮಾರುತ್ತಿದ್ದಾರೆ ಎಂಬುದು ಅಲತಾಸ್ ವಾದದ ತಿರುಳು. ತಪ್ಪೆಲ್ಲ ಜನರ ಸ್ವಭಾವದ್ದಾದರೆ 1957ರ ಸ್ವಾತಂತ್ರ್ಯದಿಂದ ಅಧಿಕಾರದಲ್ಲಿದ್ದವರನ್ನು ಯಾರೂ ಏನೂ ಕೇಳುವಂತಿಲ್ಲವಲ್ಲ! ಹಿಂದುಳಿಯಲು ವಂಶವಾಹಿ, ಪರಿಸರವೂ ಕಾರಣ ಎಂದ ಮಹಾತಿರ್ ಮೊಹಮ್ಮದ್ ಅವರ 1970ರ ‘ದಿ ಮಲಯ್ ಡೈಲೆಮಾ’ವನ್ನೂ ಅಲತಾಸ್ ಬಿಡುವುದಿಲ್ಲ. (ಮಲೇಷ್ಯಾದಲ್ಲಿ ಅದರ ಮೇಲಿದ್ದ ನಿಷೇಧ ತೆರವಾದದ್ದು 1981ರಲ್ಲಿ, ಮಹಾತಿರ್ ಪ್ರಧಾನಿಯಾದ ವರ್ಷ.) ಇದನ್ನೆಲ್ಲ ಓದಿ, ಮಲಯರನ್ನು ಹೊಗಳಲೆಂದೇ ಬರೆದ ಪುಸ್ತಕ ಅಂದುಕೊಳ್ಳಬೇಡಿ. ಭ್ರಷ್ಟಾಚಾರದ ಬಗ್ಗೆ 1968ರಲ್ಲೇ ಪುಸ್ತಕ ಬರೆದ ಮನುಷ್ಯ ಈತ.

ಕೊರತೆಗಳು ಸಣ್ಣವಲ್ಲ. ಒಂದೇ ವಾದ ಮೂರು ನಾಲ್ಕು ಕಡೆ ತಲೆಯೆತ್ತುತ್ತದೆ. ಯುರೋಪಿಯನ್ನರ ಬರಹದ ಉಲ್ಲೇಖಗಳು ರಾಶಿ ಬಿದ್ದಿವೆ. ರೈತನ ದಿನದ ದುಡಿಮೆ ಎಷ್ಟು ಹೊತ್ತು, ಹಂಗಾಮಿಗೆ ಎಷ್ಟು ಎಂದು ಅಳೆದು ತೋರಿಸುವ ಲೆಕ್ಕ ಅದರ ಮುಂದೆ ತೀರಾ ತೆಳು. 1990ರೊಳಗೆ ಬಂಡವಾಳದಲ್ಲಿ ಭೂಮಿಪುತ್ರರ (ಮಲಯರು ಮತ್ತಿತರ ಮೂಲನಿವಾಸಿಗಳ) ಪಾಲು ಶೇ. 30 ಆಗಬೇಕೆಂಬ ಹೊಸ ಆರ್ಥಿಕ ನೀತಿಯ ಗುರಿಯ ಫಲ ಕಾಣುವ ಮೊದಲೇ ಪುಸ್ತಕ ಮುಗಿದಿರುವುದರಿಂದ, ಮಲಯರು ಸರ್ಕಾರದ ಊರುಗೋಲು ಬಿಡುತ್ತಿಲ್ಲ ಎಂಬ ಈಚಿನ ಬೈಗುಳಕ್ಕೆ ಇಲ್ಲಿ ಉತ್ತರ ಹುಡುಕಿ ಪ್ರಯೋಜನವಿಲ್ಲ.

ಮಲಯರ ವಿಷಯವಷ್ಟೇ ಬೇಕಾದವರು ಜಾವಾದ ಅಧ್ಯಾಯವನ್ನು ಕಣ್ಣಾಡಿಸಿ ಬಿಟ್ಟರೂ ನಡೆದೀತು. ಫಿಲಿಪೀನ್ಸಿನ ರಾಷ್ಟ್ರೀಯವಾದಿ ಲೇಖಕ ಹೊಸೆ ರಿಜಾಲ್ ತನ್ನ ಜನರ ಆಲಸ್ಯದ ಬಗ್ಗೆ 1890ರಲ್ಲಿ ಬರೆದ ಪ್ರಬಂಧದ ಚರ್ಚೆಯನ್ನು ಮಾತ್ರ ಬಿಡಬೇಡಿ. ತನ್ನ ಜನರಲ್ಲಿ ಆಲಸ್ಯ ಇದೆ ಎಂದು ರಿಜಾಲ್ ಒಪ್ಪಿಕೊಳ್ಳುತ್ತಾನೆ. ಆದರೆ ಅದು ದುರವಸ್ಥೆಯ ಕಾರಣವಲ್ಲ, ಫಲ ಎನ್ನುತ್ತಾನೆ. ‘ರೆವಲೂಸಿ ಮೆಂಟಲ್’ ಭಾಗಕ್ಕೆ ಮೊದಲೇ ಇದನ್ನು ಓದಿಕೊಂಡರೆ, ಉಮ್ನೋ ನಾಯಕರು ಕೇಳದೆ ಬಿಟ್ಟ ಪ್ರಶ್ನೆ ಯಾವುದೆಂದು ಅಲತಾಸ್ ಹೇಳುವ ಮುಂಚೆ ನಿಮಗೇ ಹೊಳೆಯುತ್ತದೆ.