ಆರು ವರ್ಷ ‘ಪಾಸ್’ ಬಳಸಿದ ಮೇಲೆ: ಒಳಗಿನದು ಭದ್ರ, ಹೊರಗಿನ ಹೆಸರೇ ತಲೆನೋವು

‘ಪಾಸ್’ ಅಂದರೆ ಪಾಸ್‌ವರ್ಡುಗಳನ್ನು ಬೀಗ ಹಾಕಿ ಇಟ್ಟುಕೊಳ್ಳುವ ಒಂದು ಪ್ರೋಗ್ರಾಂ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದ ಕೂಡಲೇ ನನ್ನ ಮೊದಲ ಕೆಲಸ ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ‘ಪಾಸ್ -ಸಿ ಮೇಲ್’ ಅಂತ ಹೊಡೆಯುವುದು. ಫೈಲುಗಳಿಗೆ ಬೀಗ ಹಾಕಿ ತೆಗೆಯುವ ಜಿಪಿಜಿ ಅನ್ನುವ ಪ್ರೋಗ್ರಾಂ ನನ್ನ ಪಾಸ್‌ಫ್ರೇಸ್, ಅಂದರೆ ಹಲವು ಪದಗಳ ಗುಟ್ಟಿನ ಸಾಲು, ಕೇಳುತ್ತದೆ. ಆರು ಪದ, ಒಂದಕ್ಕೊಂದು ಸಂಬಂಧವಿಲ್ಲ. ಅದೀಗ ಬೆರಳಿಗೆ ಎಷ್ಟು ರೂಢಿಯಾಗಿದೆ ಅಂದರೆ, ಬಾಯಲ್ಲಿ ಹೇಳಿ ಅಂದರೆ ನಾನೇ ತಡವರಿಸುತ್ತೇನೆ. ಎಂಟರ್ ಒತ್ತಿದರೆ ಪಾಸ್‌ವರ್ಡ್ ಕ್ಲಿಪ್‌ಬೋರ್ಡಿಗೆ ಬಂದು ಕೂರುತ್ತದೆ. 45 ಸೆಕೆಂಡಿನಲ್ಲಿ ಅಳಿಸುತ್ತೇನೆ ಅಂತ ಒಂದು ಸಾಲು ಬರುತ್ತದೆ. ಅಷ್ಟರೊಳಗೆ ಅಂಟಿಸಿಬಿಡಬೇಕು.

ಆ 45 ಸೆಕೆಂಡ್ ನನಗೆ ತುಂಬಾ ಇಷ್ಟ. ಸಮಯ ಮುಗಿದ ಮೇಲೆ ಅದು ಸುಮ್ನೆ ಅಳಿಸಿ ಹೋಗುವುದಿಲ್ಲ. ಮೊದಲು ಕ್ಲಿಪ್‌ಬೋರ್ಡಿನಲ್ಲಿ ನಾನು ಏನು ಕಾಪಿ ಮಾಡಿಕೊಂಡಿದ್ದೆನೋ ಅದನ್ನೇ ವಾಪಸ್ ಇಟ್ಟು ಹೋಗುತ್ತದೆ. ಎದ್ದು ಹೋಗುವಾಗ ಕುರ್ಚಿಯನ್ನು ಮೇಜಿನ ಒಳಗೆ ತಳ್ಳಿ ಹೋಗುವವರ ಥರ. ಇದನ್ನು ಗಮನಿಸುವುದಕ್ಕೇ ನನಗೆ ಒಂದು ವರ್ಷ ಬೇಕಾಯಿತು.

ಪಾಸ್ ಬರೆದವರು ಜೇಸನ್ ಡೊನೆನ್‌ಫೆಲ್ಡ್. ವೈರ್‌ಗಾರ್ಡ್ ಅನ್ನುವ ವಿಪಿಎನ್ ಮಾಡಿದವರೇ. 2012ರಿಂದ ಇದೆ. ನೋಡಿದರೆ ಬರೀ ಒಂದು ಬ್ಯಾಷ್ ಸ್ಕ್ರಿಪ್ಟ್, ಅಂದರೆ ಟರ್ಮಿನಲ್ ಆಜ್ಞೆಗಳನ್ನು ಜೋಡಿಸಿ ಬರೆದ ಫೈಲು. ಗೂಢಲಿಪಿ ಮಾಡುವ ಕೆಲಸವನ್ನೆಲ್ಲ ಜಿಪಿಜಿಗೆ ಬಿಡುತ್ತದೆ. ಒಂದು ಪಾಸ್‌ವರ್ಡಿಗೆ ಒಂದು ಫೈಲು. ಹೊಸದು ಬೇಕಾದರೆ ‘ಪಾಸ್ ಜನರೇಟ್’, 25 ಅಕ್ಷರದ ಕಲಸುಮೇಲೋಗರ ತಯಾರು. ಫೈಲಿನ ಮೊದಲ ಸಾಲಿನಲ್ಲಿ ಪಾಸ್‌ವರ್ಡ್ ಇದ್ದರೆ ಆಯಿತು, ಕೆಳಗೆ ಏನು ಬೇಕಾದರೂ ಬರೆದುಕೊಳ್ಳಬಹುದು. ‘ನಿಮ್ಮ ಮೊದಲ ಸಾಕುಪ್ರಾಣಿ ಯಾವುದು’ ಅಂತ ಸೈಟುಗಳು ಕೇಳುತ್ತವಲ್ವಾ, ಅದಕ್ಕೆ ನಾನು ಕೊಟ್ಟ ಸುಳ್ಳು ಉತ್ತರಗಳೆಲ್ಲ ಅಲ್ಲೇ ಇವೆ. ಒಂದು ಕಡೆ ಮೊಸಳೆ ಅಂತ ಬರೆದಿದ್ದೇನೆ.

ಪಾಸ್‌ಫ್ರೇಸನ್ನು ಪದೇ ಪದೇ ಕೇಳಿ ಕಾಡುವುದೂ ಇಲ್ಲ. ಜಿಪಿಜಿಯ ಜೊತೆ ಹಿನ್ನೆಲೆಯಲ್ಲಿ ಓಡುವ ಜಿಪಿಜಿ ಏಜೆಂಟ್ ಅದನ್ನು 10 ನಿಮಿಷ ನೆನಪಿಟ್ಟುಕೊಳ್ಳುತ್ತದೆ. ಬಳಸುತ್ತಾ ಇದ್ದರೆ ಗಡುವು ಮುಂದಕ್ಕೆ ಹೋಗುತ್ತದೆ, ಆದರೆ 2 ಗಂಟೆ ಆದ ಮೇಲೆ ಮತ್ತೆ ಕೇಳಿಯೇ ಕೇಳುತ್ತದೆ.

ಇಲ್ಲಿಗೇ ನಿಲ್ಲಿಸಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ.

ಹೋದ ವರ್ಷ ಒಂದು ಮೀಟಿಂಗ್‌ನಲ್ಲಿ ನನ್ನ ಸ್ಕ್ರೀನ್ ಹಂಚಿಕೊಂಡಿದ್ದೆ. ಯಾವುದೋ ಸರ್ವರಿಗೆ ಲಾಗಿನ್ ಆಗಬೇಕಿತ್ತು. ‘ಪಾಸ್’ ಅಂತ ಹೊಡೆದೆ, ಮುಂದಿನ ಪದ ಬರೆಯುವ ಮೊದಲೇ ಬೆರಳು ಎಂಟರ್ ಒತ್ತಿಬಿಟ್ಟಿತು. ಹೆಸರು ಕೊಡದಿದ್ದರೆ ಪಾಸ್ ಏನು ಮಾಡುತ್ತದೆ ಗೊತ್ತಾ? ನಿಮ್ಮ ಎಲ್ಲ ಫೈಲುಗಳ ಪಟ್ಟಿಯನ್ನು ಮರದ ಕೊಂಬೆಗಳ ಹಾಗೆ ಬಿಡಿಸಿ ತೋರಿಸುತ್ತದೆ. ಪಾಸ್‌ವರ್ಡ್ ಒಂದೂ ಕಾಣುವುದಿಲ್ಲ, ನಿಜ. ಆದರೆ ನನ್ನ ಬ್ಯಾಂಕ್ ಯಾವುದು, ಯಾವ ಸಾಲದ ಆ್ಯಪ್‌ನಲ್ಲಿ ಖಾತೆ ಇದೆ, ಎಲ್ಲ ಕಂಡಿತು. ‘ಕೆಲಸ’ ಅನ್ನುವ ಫೋಲ್ಡರಿನಲ್ಲಿ ಉದ್ಯೋಗ ಹುಡುಕುವ ಮೂರು ಸೈಟುಗಳ ಹೆಸರೂ ಸಾಲಾಗಿ ನಿಂತಿದ್ದವು. ಯಾರೂ ಏನೂ ಅನ್ನಲಿಲ್ಲ. ‘ಸ್ವಲ್ಪ ಮೇಲಕ್ಕೆ ಸ್ಕ್ರೋಲ್ ಮಾಡ್ತೀರಾ?’ ಅಂತ ಮ್ಯಾನೇಜರ್ ಕೇಳಿದರು, ಅಷ್ಟೇ.

ಫೈಲಿನ ಒಳಗಿರುವುದಕ್ಕೆ ಬೀಗ, ಫೈಲಿನ ಹೆಸರಿಗೆ ಬೀಗವಿಲ್ಲ. ಇದು ಬಗ್ ಅಲ್ಲ, ಪಾಸ್ ಇರುವುದೇ ಹಾಗೆ. ನನಗೂ ಮೊದಲೇ ಗೊತ್ತಿತ್ತು. ಗೊತ್ತಿರುವುದು ಬೇರೆ, ಹನ್ನೊಂದು ಜನರ ಎದುರು ಅನುಭವಿಸುವುದು ಬೇರೆ.

ಅವತ್ತು ರಾತ್ರಿ ಕೂತು ‘ಪಾಸ್ ಎಂವಿ’ ಬಳಸಿ ಹೆಸರುಗಳನ್ನೆಲ್ಲ ಬದಲಾಯಿಸಿದೆ. ಕ1, ಕ2, ಕ3. ಸಮಾಧಾನವಾಯಿತು. ಆಮೇಲೆ ‘ಪಾಸ್ ಗಿಟ್ ಲಾಗ್’ ನೋಡಿದರೆ ಎದೆ ಧಸಕ್ ಅಂದಿತು. ಗಿಟ್ ಅಂದರೆ ಫೈಲುಗಳ ಬದಲಾವಣೆಯ ಇತಿಹಾಸ ಇಡುವ ಪ್ರೋಗ್ರಾಂ. ಅದರ ಜೊತೆ ಬಳಸಿದರೆ ಪಾಸ್ ಪ್ರತಿ ಬದಲಾವಣೆಗೂ ತಾನೇ ಕಮಿಟ್ ಮಾಡುತ್ತದೆ, ಅಂದರೆ ಆ ಇತಿಹಾಸದಲ್ಲಿ ದಾಖಲಿಸುತ್ತದೆ. ಇಂಥ ಹೆಸರನ್ನು ಇಂಥ ಹೆಸರಿಗೆ ಬದಲಾಯಿಸಿದೆ ಅಂತ ಒಂದೊಂದನ್ನೂ ಚೆನ್ನಾಗಿ ಬರೆದಿಟ್ಟಿತ್ತು. ಬಚ್ಚಿಡಲು ಹೋಗಿ ನಾನೇ ಅಚ್ಚುಕಟ್ಟಾದ ಸೂಚಿ ಮಾಡಿಕೊಟ್ಟ ಹಾಗಾಯಿತು. ಕೊನೆಗೆ ಇತಿಹಾಸವನ್ನೇ ಅಳಿಸಿ, ಗಿಟ್ ಹೊಸದಾಗಿ ಶುರು ಮಾಡಿದೆ.

ಎರಡು ವಾರದಲ್ಲಿ ಕ14 ಯಾವುದು ಅಂತಲೇ ಮರೆತುಹೋಯಿತು. ‘ಪಾಸ್ ಗ್ರೆಪ್’ ಒಳಗೆ ಹುಡುಕಿಕೊಡುತ್ತದೆ, ಆದರೆ ಅದು ಒಂದೊಂದೇ ಫೈಲು ಬಿಚ್ಚಿ ನೋಡಬೇಕು. ಇನ್ನೂರಕ್ಕಿಂತ ಜಾಸ್ತಿ ಫೈಲಿದ್ದರೆ ತಾಳ್ಮೆ ಬೇಕು. ಅಲ್ಲದೆ ಸಿಕ್ಕಿದ ಸಾಲನ್ನು ಸ್ಕ್ರೀನ್ ಮೇಲೆ ಹಾಗೇ ತೋರಿಸುತ್ತದೆ, ಅದೂ ಒಂದು ಕಷ್ಟ. ಇಡೀ ಫೋಲ್ಡರನ್ನೇ ಗೂಢಲಿಪಿಯಲ್ಲಿ ಮುಚ್ಚಿಡುವ ‘ಪಾಸ್ ಟೂಂಬ್’ ಅನ್ನುವ ಎಕ್ಸ್‌ಟೆನ್ಶನ್ ಇದೆ. ಹಾಕಿ ನೋಡಿದೆ. ದಿನಾ ತೆರೆಯುವುದು, ಮುಚ್ಚುವುದು ನನ್ನಂಥ ಸೋಮಾರಿಗೆ ಆಗದ ಕೆಲಸ. ಹೆಸರು ಬಯಲಾದರೆ ನಿಜಕ್ಕೂ ತೊಂದರೆ ಆಗುವಂಥವರು ನೀವಾಗಿದ್ದರೆ ಮೊದಲ ದಿನವೇ ಅದನ್ನು ಹಾಕಿಕೊಳ್ಳಿ.

ಇನ್ನೊಂದು ಮಾತು: ಫೈಲುಗಳನ್ನು ಬಿಚ್ಚಲು ಬೇಕಾದ ಜಿಪಿಜಿಯ ಖಾಸಗಿ ಕೀಲಿಯನ್ನು ಎರಡು ಪೆನ್‌ಡ್ರೈವಿನಲ್ಲಾದರೂ ಇಟ್ಟುಕೊಳ್ಳಿ. ಅದು ಹೋದರೆ ಎಲ್ಲವೂ ಹೋಯಿತು. ಇಲ್ಲಿ ‘ಪಾಸ್‌ವರ್ಡ್ ಮರೆತಿರಾ?’ ಅನ್ನುವ ಲಿಂಕ್ ಇಲ್ಲ.

ನಾನು ಬೇರೆ ಕಡೆಗೆ ಹೋಗಲಿಲ್ಲ. ದುಡ್ಡು ಕೇಳದ, ನೆಟ್ ಇಲ್ಲದಿದ್ದರೂ ನಡೆಯುವ, ಫೈಲುಗಳನ್ನು ನನ್ನ ಹತ್ತಿರವೇ ಬಿಡುವ ಇನ್ನೊಂದು ನನ್ನ ಕೈಗೆ ಇಷ್ಟು ಹೊಂದಲಿಲ್ಲ. ಟರ್ಮಿನಲ್‌ನಲ್ಲಿ ಆಜ್ಞೆಗಳನ್ನು ನಡೆಸುವ ಶೆಲ್‌ಗೆ ಒಂದು ಚಿಕ್ಕ ಫಂಕ್ಷನ್ ಬರೆದುಕೊಂಡೆ. ಈಗ ಬರೀ ‘ಪಾಸ್’ ಅಂದರೆ ಪಟ್ಟಿಯ ಬದಲು ‘ಏನು ಬೇಕು?’ ಅಂತ ಬರುತ್ತದೆ. ಹೆಸರುಗಳನ್ನು ಮತ್ತೆ ಮೊದಲಿನ ಹಾಗೆ ಮಾಡಿದ್ದೇನೆ. ಆ ಮೂರು ಸೈಟುಗಳು ಮಾತ್ರ ‘ಹಳೇ-ಪ್ರಿಂಟರ್’ ಅನ್ನುವ ಫೋಲ್ಡರಿನಲ್ಲಿವೆ. ನಾಲ್ಕು ನಕ್ಷತ್ರ.