ಅಗಸೆ ಎಣ್ಣೆಗೆ ಹಿಡಿದುಕೊಂಡ ಬೋಲ್ಟ್: ಬೆಳಗಾವಿಯ ಬಂದೂಕು ರಿಪೇರಿ ಅಂಗಡಿ

ಕ್ಯಾಂಪ್ ಕಡೆಯ ಈ ಅಂಗಡಿಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಕೆಲಸಕ್ಕೆ ಮಾತ್ರ ಆಗಿದ್ದರೆ ಐದಕ್ಕೆ ಐದೂ ಕೊಡುತ್ತಿದ್ದೆ.

ನಮ್ಮದು ಖಾನಾಪುರ ತಾಲೂಕಿನ ಕಾಡಂಚಿನ ಹಳ್ಳಿ. ಬೆಳೆ ಕಾಯೋಕೆ ಅಂತ ಅಪ್ಪನ ಹೆಸರಲ್ಲಿ ಲೈಸೆನ್ಸ್ ಇದೆ. ಬಂದೂಕು .315 ಸ್ಪೋರ್ಟಿಂಗ್ ರೈಫಲ್, ಪಶ್ಚಿಮ ಬಂಗಾಳದ ಈಶಾಪುರ ಫ್ಯಾಕ್ಟರಿಯದು. ಹಳೇ ಮಿಲಿಟರಿ .303 ಲೀ-ಎನ್‌ಫೀಲ್ಡ್ ನಮ್ಮಂಥವರಿಗೆ ಸಿಗುವುದಿಲ್ಲ, ಅದು ನಿಷೇಧಿತ ಬೋರ್ (ನಳಿಗೆಯ ಅಳತೆ). ಆದರೆ ಇದರ ಬೋಲ್ಟ್ (ಕಾಡತೂಸನ್ನು ನಳಿಗೆಯೊಳಗೆ ನೂಕಿ ಹಿಂದಿನಿಂದ ಮುಚ್ಚುವ, ಹಿಡಿಕೆ ಇರುವ ಕಬ್ಬಿಣದ ದಂಡ) ಅದೇ ವಂಶದ್ದು, ಹಾಗಾಗಿ ಅದಕ್ಕೆ ಬರುವ ಕಾಯಿಲೆ ಇದಕ್ಕೂ ಬರುತ್ತದೆ.

2024ರ ಲೋಕಸಭಾ ಚುನಾವಣೆಗೆ ಎಲ್ಲರಂತೆ ನಾವೂ ಬಂದೂಕನ್ನು ಠಾಣೆಯಲ್ಲಿ ಇಟ್ಟಿದ್ದೆವು. ಜೂನ್‌ನಲ್ಲಿ ವಾಪಸ್ ತಂದು ನೋಡಿದರೆ ಬೋಲ್ಟಿನ ಹಿಡಿಕೆ ಮೇಲಕ್ಕೆ ಏಳಲೇ ಇಲ್ಲ. ಅಪ್ಪ ಎರಡೂ ಕೈ ಹಾಕಿ ಎತ್ತಿದರು, ಆಗಲಿಲ್ಲ. ಊರಲ್ಲಿ ಒಬ್ಬರು ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ ಅಂದರು, ಇನ್ನೊಬ್ಬರು ಲೇತ್ ಅಂಗಡಿಗೆ ಒಯ್ದು ಪಾಲಿಶ್ ಪೇಪರ್ ಹೊಡೆಸಿ ಅಂದರು. ಎರಡನ್ನೂ ಮಾಡಲಿಲ್ಲ ಅನ್ನೋದು ಈಗ ಯೋಚಿಸಿದರೆ ದೊಡ್ಡ ಪುಣ್ಯ.

ಅಂಗಡಿಯಲ್ಲಿ ಮೊದಲು ಕೇಳಿದ್ದು ಲೈಸೆನ್ಸ್ ಪುಸ್ತಕ. ನಂಬರ್ ತಾಳೆ ನೋಡಿದರು, ಮ್ಯಾಗಜಿನ್ ತೆಗೆದು ಪಕ್ಕಕ್ಕಿಟ್ಟರು, ಬೋಲ್ಟ್ ತೆರೆಯುವವರೆಗೂ ಒಳಗೆ ಕಾಡತೂಸು ಇದೆ ಅಂತಲೇ ತಿಳಿದು ನಳಿಗೆಯನ್ನು ಯಾರ ಕಡೆಗೂ ತಿರುಗಿಸಲಿಲ್ಲ. ರಿಪೇರಿ ಮಾಡುವ ಹಿರಿಯರನ್ನು ಅಲ್ಲಿ ಎಲ್ಲರೂ ಕಾಕಾ ಅಂತಾರೆ. ಅವರು ಒಂದೇ ಪ್ರಶ್ನೆ ಕೇಳಿದರು: "ಎಲ್ಲಿ ಹಿಡೀತೈತ್ರಿ? ಎತ್ತೂಮುಂದೋ, ಹಿಂದಕ್ಕ ಜಗ್ಗೂಮುಂದೋ, ಮುಂದಕ್ಕ ನೂಕೂಮುಂದೋ?"

ಈ ಪ್ರಶ್ನೆಯಲ್ಲೇ ಅರ್ಧ ಕೆಲಸ ಇದೆ. ಈ ಬೋಲ್ಟನ್ನು ಮುಂದಕ್ಕೆ ನೂಕುವಾಗ ಕೊನೆಯ ಸ್ವಲ್ಪ ದೂರ ಬಿಗಿಯಾಗುವುದು ಸಹಜ. ಕಾಡತೂಸಿಗೆ ಹೊಡೆಯುವ ಸೂಜಿಯ ಸ್ಪ್ರಿಂಗ್ ಒತ್ತಿಕೊಳ್ಳುವುದು ಆಗಲೇ, ಅದು ರೋಗ ಅಲ್ಲ. ಹಿಂದಕ್ಕೆ ಎಳೆಯುವಾಗ ಕಚ್ಚಿದರೆ ಹಾದಿಯಲ್ಲಿ ಕಸ ಅಥವಾ ತುಕ್ಕು ಇರಬಹುದು. ಎತ್ತುವಾಗಲೇ ಹಿಡಿದರೆ ಬೋಲ್ಟಿನ ಕಿವಿಗಳು (ಅದನ್ನು ಬಂದೂಕಿನ ಮೈಗೆ ಭದ್ರವಾಗಿ ಹಿಡಿಯುವ ಹೊರಚಾಚು) ಕೂರುವ ಜಾಗದಲ್ಲೋ ಒಳಗಿನ ಸ್ಪ್ರಿಂಗಿನಲ್ಲೋ ಏನೋ ಗಟ್ಟಿಯಾಗಿದೆ ಅಂತ ಅರ್ಥ.

ಸಂದಿಗೆ ಥಿನ್ನರ್ ಬಿಟ್ಟು ಒಂದು ತಾಸು ಸುಮ್ನೆ ಇಟ್ಟರು. ಆಮೇಲೆ ಅಂಗೈಯಿಂದ ಒತ್ತಿದಾಗ ಹಿಡಿಕೆ ಕಿರ್ ಅಂತ ಎದ್ದಿತು. ಒಳಗೆ ಖಾಲಿ ಇದೆ ಅಂತ ಬೆರಳು ಹಾಕಿ ಖಾತ್ರಿ ಮಾಡಿಕೊಂಡು ಬೋಲ್ಟ್ ಹೊರಗೆ ತೆಗೆದರು, ಅದರ ತಲೆಯನ್ನು ತಿರುಗಿಸಿ ಬಿಚ್ಚಿದರು, ಉದ್ದನೆ ಕೊಳವೆಯಂಥ ಕೀಲಿ ಹಾಕಿ ಸೂಜಿ ಮತ್ತು ಸ್ಪ್ರಿಂಗ್ ತೆಗೆದರು. ಸ್ಪ್ರಿಂಗಿನ ಸುತ್ತುಗಳ ನಡುವೆ ಹಳೇ ಬೆಲ್ಲದ ಪಾಕ ಒಣಗಿದಂಥ ಕಂದು ಪದರ. ಕಾಕಾ ಉಗುರಿನಿಂದ ಕೆರೆದು ಮೂಸಿ ನೋಡಿದರು.

"ಇದಕ್ಕ ಏನ್ ಹಚ್ಚೀರಿ?"

"ಅಗಸಿ ಎಣ್ಣಿ ರೀ," ಅಂದರು ಅಪ್ಪ.

ಅವ್ವನ ತವರು ಬೈಲಹೊಂಗಲ ಕಡೆ, ಎರೆ ಹೊಲ. ಅಲ್ಲಿಂದ ಅಗಸೆ ಎಣ್ಣೆ ಬರುತ್ತದೆ. ಬಂದೂಕಿನ ಕಟ್ಟಿಗೆಗೆ ಅಗಸೆ ಎಣ್ಣೆ ತಿಕ್ಕುವುದು ಹಳೇ ಮಿಲಿಟರಿ ಪದ್ಧತಿ, ಅದು ಸರಿಯೇ. ಅಪ್ಪ ಕಬ್ಬಿಣಕ್ಕೂ ಅದನ್ನೇ ಹಚ್ಚುತ್ತಾ ಬಂದಿದ್ದರು. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿ ಪದರ ಆಗುತ್ತದೆ, ಬಣ್ಣದಲ್ಲಿ ಅದನ್ನು ಬಳಸುವುದೂ ಅದಕ್ಕೇ. ಕುಸುಬೆ ಎಣ್ಣೆಯೂ ಹಾಗೇ ಅಂಟಾಗುತ್ತದೆ ಅಂದರು ಕಾಕಾ. ದಿನಾ ಆಡಿಸುತ್ತಿದ್ದಾಗ ಗೊತ್ತಾಗಲಿಲ್ಲ, ಎರಡು ತಿಂಗಳ ಮೇಲೆ ಅಲುಗಾಡದೆ ಕೂತಾಗ ಹಿಡಿದುಕೊಂಡಿತು.

ಪಾಲಿಶ್ ಪೇಪರ್ ವಿಷಯ ಕೇಳಿದೆ. ಕಾಕಾ ಬೋಲ್ಟಿನ ಕಿವಿಯನ್ನು ಬೆಳಕಿಗೆ ಹಿಡಿದು ತೋರಿಸಿದರು, ಎರಡು ಕಡೆ ಸವೆದು ಕನ್ನಡಿಯಂತೆ ಹೊಳೆಯುತ್ತಿತ್ತು. ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಅಷ್ಟೂ ಬಲ ತಡೆಯುವುದು ಇದೇ. ಇಲ್ಲಿ ಉಜ್ಜಿದರೆ ಕಾಡತೂಸಿನ ಹಿಂದೆ ಸಂದು ಜಾಸ್ತಿಯಾಗಿ ಕವಚವೇ ಸೀಳಬಹುದು, ಹಾರಿಸುವವನ ಮುಖ ಅಲ್ಲೇ ಇರುತ್ತದೆ. ಬೇರೆ ಬಂದೂಕಿನ ಬೋಲ್ಟ್ ತಂದು ಹಾಕುವುದೂ ಇದೇ ಕಾರಣಕ್ಕೆ ತಪ್ಪು. ಬೋಲ್ಟ್ ಮೇಲೂ ಬಂದೂಕಿನ ಮೈಮೇಲೂ ಒಂದೇ ನಂಬರ್ ಇದೆಯಾ ಅಂತ ಅವರು ಅದಕ್ಕೇ ನೋಡಿದ್ದು. ಅವರು ಬಳಸಿದ್ದು ಥಿನ್ನರ್, ಹಿತ್ತಾಳೆ ಬ್ರಷ್ ಮತ್ತು ಬಟ್ಟೆ, ಅಷ್ಟೇ. ಕೊನೆಗೆ ತೆಳುವಾಗಿ ಬಂದೂಕಿನ ಎಣ್ಣೆ.

900 ರೂಪಾಯಿ ತೆಗೆದುಕೊಂಡರು. ನಮಗೆ ಜಾಸ್ತಿ ಅನಿಸಲಿಲ್ಲ. ಒಂದು ಅಂಕ ಕಡಿಮೆ ಮಾಡಿದ್ದು ಫೋನ್‌ಗೆ. ನಾಳೆ ಬನ್ನಿ ಅಂದಿದ್ದರು, ಹೊರಡುವ ಮೊದಲು ನಾಲ್ಕು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ಅರವತ್ತು ದಾಟಿದ ಅಪ್ಪ ಮಳೆಯಲ್ಲಿ ಬಸ್ಸಿಗೆ ಬಂದು ಬಾಗಿಲು ಹಾಕಿದ ಅಂಗಡಿ ಮುಂದೆ ಎರಡು ತಾಸು ನಿಂತರು. ದೂರದ ಹಳ್ಳಿಯಿಂದ ಬರುವವರಿಗೆ ಇದು ತುಂಬಾ ತ್ರಾಸು, ದಯವಿಟ್ಟು ಫೋನ್ ಎತ್ತಿ. ಬಂದೂಕು ಬಿಟ್ಟು ಹೋಗುವಾಗ ರಸೀದಿಯನ್ನೂ ನಾವೇ ಕೇಳಿ ಬರೆಸಿಕೊಳ್ಳಬೇಕಾಯಿತು. ಅದನ್ನು ಅವರೇ ಕೊಡಬೇಕು ಅಲ್ವಾ?

ಹೋಗುವವರು ಲೈಸೆನ್ಸ್ ಪುಸ್ತಕದ ಅಸಲು ಪ್ರತಿಯನ್ನೇ ಒಯ್ಯಿರಿ, ಜೆರಾಕ್ಸ್ ಇದ್ದರೆ ಬಂದೂಕು ಮುಟ್ಟುವುದೂ ಇಲ್ಲ. ಇಲ್ಲಿಯವರೆಗೆ ಏನು ಎಣ್ಣೆ ಹಚ್ಚಿದ್ದೀರಿ ಅನ್ನೋದನ್ನೂ ಮುಚ್ಚಿಡದೆ ಹೇಳಿ.